ದಿಲೀಪ್ ಮಹಾಲನೋಬಿಸ್: 1971ರ ಬನಗಾಂವ್ ಅಳತೆಗೂ ಇಂದಿನ ಒಆರ್‌ಎಸ್ ಪೊಟ್ಟಣದ ಅಳತೆಗೂ ಯಾಕೆ ಹೊಂದುವುದಿಲ್ಲ?

ಹೊಸಚಿಗುರು (ಪ್ರಶ್ನೆ):

ಹೈಸ್ಕೂಲು ಮಕ್ಕಳ ವಿಜ್ಞಾನ ಪತ್ರಿಕೆಯೊಂದಕ್ಕೆ ಭೇದಿಯಾದವರಿಗೆ ಕುಡಿಸುವ ಲವಣ-ಗ್ಲೂಕೋಸ್ ದ್ರವವನ್ನು (ಒಆರ್‌ಎಸ್) ಬಳಕೆಗೆ ತಂದ ವೈದ್ಯರಲ್ಲಿ ಒಬ್ಬರಾದ ಡಾ. ದಿಲೀಪ್ ಮಹಾಲನೋಬಿಸ್ ಅವರ ಬಗ್ಗೆ ಲೇಖನ ಸಿದ್ಧವಾಗುತ್ತಿದೆ. ಸಿಗುವ ಬರಹಗಳೆಲ್ಲ 1971ರ ಬಾಂಗ್ಲಾ ಯುದ್ಧದ ನಿರಾಶ್ರಿತರಿಗಾಗಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ಶಿಬಿರಕ್ಕೆ ಬಂದು ನಿಂತುಬಿಡುತ್ತವೆ. ಅಂಕಿಗಳೂ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಮೊದಲನೆಯದು, ಬನಗಾಂವ್‌ನಲ್ಲಿ ಲೀಟರಿಗೆ 22 ಗ್ರಾಂ ಗ್ಲೂಕೋಸ್ ಹಾಕಿದರೆಂದು ಒಂದು ಕಡೆ ಇದೆ, ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಸೂತ್ರದಲ್ಲಿ 20 ಗ್ರಾಂ ಇದೆ, ಈಗಿನ ಪೊಟ್ಟಣದ ಮೇಲೆ 13.5 ಗ್ರಾಂ ಎಂದಿದೆ. ಯಾವುದು ಸರಿ? ಎರಡನೆಯದು, ಬನಗಾಂವ್ ಸೂತ್ರದಲ್ಲಿ ಪೊಟ್ಯಾಸಿಯಂ ಇಲ್ಲವಲ್ಲ, ಬಿಟ್ಟಿದ್ದೇಕೆ? ಮೂರನೆಯದು, 1971ರ ನಂತರ ಅವರು ಏನು ಮಾಡಿದರು? ಕೊನೆಯದಾಗಿ, ನಮ್ಮ ಕಡೆಯ ಹುಡುಗ ಹುಡುಗಿಯರು ಮಕ್ಕಳ ಜೀರ್ಣಾಂಗ ಮತ್ತು ಪೋಷಣೆಯ ಸಂಶೋಧನೆಗೆ ಹೋಗಬೇಕೆಂದರೆ ಯಾವ ಓದು, ಯಾವ ದಾರಿ? ಲೇಖನದ ಪಕ್ಕದಲ್ಲಿ ಒಂದು ಚೌಕದಲ್ಲಿ ಹಾಕುವ ಆಲೋಚನೆ.

ಅಳತೆಗೋಲು:

22 ಮತ್ತು 20ರ ನಡುವೆ ಜಗಳವೇ ಇಲ್ಲ. ಬನಗಾಂವ್‌ನಲ್ಲಿ ಬಳಸಿದ್ದು ಮಾರುಕಟ್ಟೆಯಲ್ಲಿ ಸಿಗುವ ಗ್ಲೂಕೋಸ್. ಅದರ ಪ್ರತಿ ಅಣುವಿನ ಜೊತೆ ಒಂದು ನೀರಿನ ಅಣು ಕೂತಿರುತ್ತದೆ. ಅಂಥ ಗ್ಲೂಕೋಸ್ 22 ಗ್ರಾಂ ತೂಗಿದರೆ ಅದರಲ್ಲಿರುವ ನಿಜವಾದ ಗ್ಲೂಕೋಸ್ 20 ಗ್ರಾಂ, ಅಂದರೆ 111 ಮಿಲಿಮೋಲ್ (ಅಣುಗಳನ್ನು ಎಣಿಸುವ ಮಾನ). ಹಳೆಯ ಸೂತ್ರದ 20 ಗ್ರಾಂ ಎನ್ನುವುದು ನೀರಿಲ್ಲದ ಗ್ಲೂಕೋಸಿನ ತೂಕ. ಲೇಖನದಲ್ಲಿ ಎರಡನ್ನೂ ಮಿಲಿಮೋಲ್‌ಗೆ ತಿರುಗಿಸಿ ಕೊಡಿ, ಹತ್ತನೇ ತರಗತಿಯ ಮಕ್ಕಳೇ ಲೆಕ್ಕ ಹಾಕಿ ನೋಡಿಕೊಳ್ಳುತ್ತಾರೆ.

ಬನಗಾಂವ್ ಸೂತ್ರ ಒಂದು ಲೀಟರ್ ನೀರಿಗೆ ಹೀಗಿತ್ತು: ಗ್ಲೂಕೋಸ್ 22 ಗ್ರಾಂ, ಅಡುಗೆ ಉಪ್ಪು 3.5 ಗ್ರಾಂ, ಅಡುಗೆ ಸೋಡಾ 2.5 ಗ್ರಾಂ. ಉಪ್ಪಿನ 3.5 ಗ್ರಾಂ ಅನ್ನು ಅದರ ಅಣುತೂಕ 58.5ರಿಂದ ಭಾಗಿಸಿದರೆ 60 ಮಿಲಿಮೋಲ್ ಸೋಡಿಯಂ, 60 ಕ್ಲೋರೈಡ್. ಸೋಡಾದ 2.5 ಗ್ರಾಂ ಅನ್ನು ಅದರ ಅಣುತೂಕ 84ರಿಂದ ಭಾಗಿಸಿದರೆ 30 ಸೋಡಿಯಂ, 30 ಬೈಕಾರ್ಬನೇಟ್. ಒಟ್ಟು ಸೋಡಿಯಂ 90. ಇದಕ್ಕೆ 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದರೆ ವಿಶ್ವ ಆರೋಗ್ಯ ಸಂಸ್ಥೆ 1975ರಲ್ಲಿ ಒಪ್ಪಿದ ಸೂತ್ರ ಅಚ್ಚುಕಟ್ಟಾಗಿ ಬರುತ್ತದೆ: ಸೋಡಿಯಂ 90, ಪೊಟ್ಯಾಸಿಯಂ 20, ಕ್ಲೋರೈಡ್ 80, ಬೈಕಾರ್ಬನೇಟ್ 30, ಗ್ಲೂಕೋಸ್ 111, ಒಟ್ಟು 331.

ಪೊಟ್ಯಾಸಿಯಂ ಬಿಟ್ಟದ್ದು ತಿಳಿಯದೆ ಅಲ್ಲ. ಭೇದಿಯಲ್ಲಿ ಪೊಟ್ಯಾಸಿಯಂ ಹೋಗುತ್ತದೆ, ಮಕ್ಕಳಲ್ಲಿ ಇನ್ನೂ ಹೆಚ್ಚು ಹೋಗುತ್ತದೆ ಎಂಬುದು ಆಗಲೇ ಗೊತ್ತಿತ್ತು. ಆದರೆ ಅವರು ಹುಡುಕುತ್ತಿದ್ದದ್ದು ಅದಾಗಲೇ ಪರಿಣಾಮಕಾರಿ ಎಂದು ಕಂಡಿದ್ದ ಸೂತ್ರಗಳಲ್ಲಿ ಅತಿ ಕಡಿಮೆ ಸಾಮಗ್ರಿ ಬೇಡುವಂಥದ್ದನ್ನು. ಉಪ್ಪು, ಸೋಡಾ, ಗ್ಲೂಕೋಸ್ ಮೂರೂ ಕಲ್ಕತ್ತಾದ ಅಂಗಡಿಗಳಲ್ಲಿ ಮೂಟೆಗಟ್ಟಲೆ ಸಿಗುತ್ತಿದ್ದವು. ಗಂಟೆಗಳಲ್ಲಿ ಜೀವ ತೆಗೆಯುವುದು ನೀರು ಮತ್ತು ಸೋಡಿಯಂ ನಷ್ಟ. ಅದನ್ನು ಮೊದಲು ತುಂಬಿದರು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ದೊಡ್ಡ ವೈಜ್ಞಾನಿಕ ತೀರ್ಮಾನ ಇದೇ. ಏನು ಸೇರಿಸಬೇಕೆಂದು ಹೇಳುವವರು ಬಹಳ ಮಂದಿ. ಏನನ್ನು ಬಿಟ್ಟರೂ ರೋಗಿ ಉಳಿಯುತ್ತಾನೆ ಎಂದು ಹೇಳಲು ವಾರ್ಡಿನಲ್ಲಿ ವರ್ಷಗಟ್ಟಲೆ ಅಳೆದಿರಬೇಕು.

ಅವರು ಅಳೆದಿದ್ದರು. 1934ರಲ್ಲಿ ಕಿಶೋರ್‌ಗಂಜ್‌ನಲ್ಲಿ ಹುಟ್ಟಿದವರು, ಈಗ ಅದು ಬಾಂಗ್ಲಾದೇಶದಲ್ಲಿದೆ. 1958ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಿಂದ ಪದವಿ, ಆಮೇಲೆ ಇಂಗ್ಲೆಂಡಿನಲ್ಲಿ ಮಕ್ಕಳ ವೈದ್ಯಕೀಯದ ತರಬೇತಿ, ಲಂಡನ್ನಿನ ಕ್ವೀನ್ ಎಲಿಜಬೆತ್ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ. 1960ರ ದಶಕದ ಮಧ್ಯದಲ್ಲಿ ಕಲ್ಕತ್ತಾಕ್ಕೆ ಮರಳಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಸೇರಿ ಬಾಯಿಯ ಮೂಲಕ ದ್ರವ ಕೊಡುವ ಚಿಕಿತ್ಸೆಯ ಮೇಲೆ ಕೆಲಸ ಮಾಡಿದರು. ಹಾಗಾಗಿ ಬನಗಾಂವ್‌ಗೆ ಹೋದಾಗ ಅವರ ಕೈಯಲ್ಲಿದ್ದದ್ದು ಆ ಕ್ಷಣದ ಊಹೆಯಲ್ಲ, ಹಲವು ವರ್ಷಗಳ ವಾರ್ಡಿನ ದಾಖಲೆ.

ಬನಗಾಂವ್‌ನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ಡ್ರಿಪ್ ಬಾಟಲಿಗಳು ಸಾಲಲಿಲ್ಲ, ನರ ಹುಡುಕಿ ಸೂಜಿ ಹಾಕಬಲ್ಲವರೂ ಸಾಲಲಿಲ್ಲ. ಆಗ ಕಲ್ಕತ್ತಾದ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ ಸಾಮಗ್ರಿ ತೂಗಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಒಳಗೆ ಚೀಟಿ ಇಟ್ಟು, ಬಾಯನ್ನು ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಿ ಕಳಿಸಿದರು. ಶಿಬಿರದಲ್ಲಿ ಅದನ್ನು ನಲ್ಲಿ ಇರುವ ಡ್ರಮ್ಮುಗಳಲ್ಲಿ ಕಲಸಿಟ್ಟರು. ಜೊತೆಗಿದ್ದ ಬಂಧುಗಳೇ ಲೋಟದಲ್ಲಿ ಹಿಡಿದು ರೋಗಿಗೆ ಕುಡಿಸಿದರು. ಸಾಮಗ್ರಿಯ ಖರ್ಚು ಲೀಟರಿಗೆ 11 ಪೈಸೆ. ಸುಮಾರು 3,700 ರೋಗಿಗಳಲ್ಲಿ ಸತ್ತವರು ಶೇ. 3.6. ಅದಕ್ಕೆ ಮೊದಲು ಶಿಬಿರಗಳಲ್ಲಿ ಸಾವು ಶೇ. 30ರವರೆಗೂ ಹೋಗಿತ್ತು.

ಒಂದು ಎಚ್ಚರಿಕೆ. ಇದು ಚೀಟಿ ಎತ್ತಿ ಎರಡು ಗುಂಪು ಮಾಡಿದ ಪ್ರಯೋಗವಲ್ಲ. ಅಂಥ ಹೊತ್ತಿನಲ್ಲಿ ಹೋಲಿಕೆಗೆಂದು ಒಂದು ಗುಂಪಿಗೆ ದ್ರವ ಕೊಡದಿರಲು ಯಾರಿಗೂ ಮನಸ್ಸು ಬಾರದು. ಆದರೆ ಇದೇ ಕಾರಣಕ್ಕೆ ಹಲವರು ಫಲಿತಾಂಶವನ್ನು ನಂಬಲಿಲ್ಲ. ಲ್ಯಾನ್ಸೆಟ್ ಪತ್ರಿಕೆ ಪ್ರಬಂಧವನ್ನು ತಿರಸ್ಕರಿಸಿತು. ಅದು ಪ್ರಕಟವಾದದ್ದು 1973ರಲ್ಲಿ, ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಜರ್ನಲ್‌ನಲ್ಲಿ. ಶಿಬಿರಕ್ಕೆ ಬಂದು ಕಣ್ಣಾರೆ ನೋಡಿದ ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ ಜಿನೀವಾದಲ್ಲಿ ಇದರ ಪರ ನಿಂತು ವಾದಿಸಿದರು. ಅವರ ಹೆಸರನ್ನು ಬಿಡಬೇಡಿ.

ಕರುಳಿನ ಗೋಡೆ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಲೇಖನದಲ್ಲಿ ಮಹಾಲನೋಬಿಸ್ ಒಆರ್‌ಎಸ್ ಕಂಡುಹಿಡಿದರು ಎಂದು ಬರೆಯಬೇಡಿ. ಕಲ್ಕತ್ತಾದ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಕಾಲರಾ ರೋಗಿಗಳಿಗೆ ಬಾಯಿಯ ಮೂಲಕ ಉಪ್ಪು ಮತ್ತು ಗ್ಲೂಕೋಸ್ ದ್ರವ ಕೊಟ್ಟು ಲ್ಯಾನ್ಸೆಟ್‌ನಲ್ಲಿ ಬರೆದಿದ್ದರು. ಆದರೆ ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂಬ ಅಳತೆ ಅದರಲ್ಲಿ ಇರಲಿಲ್ಲ. 1960ರಲ್ಲಿ ರಾಬರ್ಟ್ ಕ್ರೇನ್ ಸೋಡಿಯಂ ಮತ್ತು ಗ್ಲೂಕೋಸ್ ಒಂದೇ ವಾಹಕದ ಮೇಲೆ ಜೊತೆಯಾಗಿ ಕರುಳಿನ ಜೀವಕೋಶದೊಳಗೆ ಹೋಗುತ್ತವೆ ಎಂದು ಪ್ರತಿಪಾದಿಸಿದರು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನ್ಯಾಲಿನ್ ಮತ್ತು ರಿಚರ್ಡ್ ಕ್ಯಾಶ್, ಹೊರಹೋದಷ್ಟೇ ದ್ರವವನ್ನು ಬಾಯಿಯಿಂದ ಕೊಟ್ಟರೆ ಡ್ರಿಪ್‌ನ ಅಗತ್ಯ ಸುಮಾರು ಶೇ. 80ರಷ್ಟು ತಗ್ಗುತ್ತದೆಂದು ತೋರಿಸಿದರು. ಕಲ್ಕತ್ತಾದಲ್ಲಿ ನಥಾನಿಯಲ್ ಪಿಯರ್ಸ್ ಮತ್ತವರ ಜೊತೆಗಾರರ ಅಧ್ಯಯನಗಳು ಅದೇ ಹೊತ್ತಿಗೆ ನಡೆದವು. 2002ರಲ್ಲಿ ಮಕ್ಕಳ ವೈದ್ಯಕೀಯ ಸಂಶೋಧನೆಯ ಪೊಲಿನ್ ಪ್ರಶಸ್ತಿಯನ್ನು ನಾರ್ಬರ್ಟ್ ಹಿರ್ಷ್‌ಹಾರ್ನ್, ಮಹಾಲನೋಬಿಸ್, ನ್ಯಾಲಿನ್, ಪಿಯರ್ಸ್ ಈ ನಾಲ್ವರಿಗೂ ಸೇರಿ ಕೊಟ್ಟದ್ದು ಅದಕ್ಕೇ.

ಮಹಾಲನೋಬಿಸ್ ಅವರದ್ದೇ ಆದ ಕೊಡುಗೆ ಏನೆಂದರೆ, ಪ್ರಯೋಗಾಲಯದ ಸಹಾಯವಿಲ್ಲದೆ, ಪ್ರತಿ ರೋಗಿಯ ರಕ್ತ ಪರೀಕ್ಷೆ ಮಾಡದೆ, ವೈದ್ಯರಲ್ಲದವರ ಕೈಯಿಂದಲೂ ಈ ಚಿಕಿತ್ಸೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ ಎಂದು ಸಾಧಿಸಿದ್ದು. ಈ ಒಂದು ವಾಕ್ಯ ಸರಿಯಾಗಿ ಬಂದರೆ ಲೇಖನ ಗೆದ್ದಂತೆ.

ಒಳಗಿನ ಕಾರ್ಯವಿಧಾನ ಮಕ್ಕಳಿಗೆ ಹೀಗೆ ಹೇಳಬಹುದು. ಕಾಲರಾ ವಿಷ ಕರುಳಿನ ಜೀವಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂಕೇತವನ್ನು ಏರಿಸುತ್ತದೆ. ಕ್ಲೋರೈಡ್ ಕರುಳಿನೊಳಕ್ಕೆ ಸುರಿಯುತ್ತದೆ, ಹಿಂದೆಯೇ ಸೋಡಿಯಂ, ಅದರ ಹಿಂದೆ ನೀರು. ಬರಿಯ ಉಪ್ಪನ್ನು ಹೀರುವ ಬಾಗಿಲು ಮುಚ್ಚಿಹೋಗುತ್ತದೆ. ಆದರೆ ಗ್ಲೂಕೋಸ್ ಜೊತೆಗೆ ಸೋಡಿಯಂ ಹೋಗುವ ಬಾಗಿಲಿಗೆ ಏನೂ ಆಗಿರುವುದಿಲ್ಲ. ಅದಕ್ಕೇ ಬರೀ ಉಪ್ಪುನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆ, ಗ್ಲೂಕೋಸ್ ಸೇರಿದರೆ ಅದೇ ನೀರು ಒಳಗೆ ಹೋಗುತ್ತದೆ. ಗ್ಲೂಕೋಸ್ ಅತಿಯಾದರೂ ಕೆಲಸ ಕೆಡುತ್ತದೆ: ಹೀರದೆ ಉಳಿದ ಸಕ್ಕರೆ ರಕ್ತದಿಂದ ನೀರನ್ನು ಕರುಳಿಗೆ ಎಳೆಯುತ್ತದೆ. 1960ರ ದಶಕದ ಆರಂಭದಲ್ಲಿ ಮನಿಲಾದಲ್ಲಿ ಅತಿ ಸಾಂದ್ರವಾದ ದ್ರವ ಕೊಟ್ಟ ಪ್ರಯೋಗದಲ್ಲಿ ರೋಗಿಗಳು ತೀರಿಕೊಂಡು ಆ ಕೆಲಸ ಅಲ್ಲಿಗೇ ನಿಂತುಹೋಗಿತ್ತು.

ಈಗ 13.5 ಗ್ರಾಂ ಪ್ರಶ್ನೆ. 90 ಸೋಡಿಯಂನ ಸೂತ್ರ ಹುಟ್ಟಿದ್ದು ಕಾಲರಾ ನೋಡಿ. ಕಾಲರಾ ಬಂದ ಮಗುವಿನ ಮಲದಲ್ಲಿ ಲೀಟರಿಗೆ ಸುಮಾರು 90 ಮಿಲಿಮೋಲ್ ಸೋಡಿಯಂ ಇರುತ್ತದೆ. ರೋಟಾವೈರಸ್ ಭೇದಿಯಲ್ಲಿ ಅದು 40ರ ಆಸುಪಾಸು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಬರುವ ಭೇದಿ ಬಹುಪಾಲು ಕಾಲರಾ ಅಲ್ಲ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಾಂದ್ರತೆ ಇಳಿಸಿದ ದ್ರವದಿಂದ ನಡುವೆ ಡ್ರಿಪ್ ಹಾಕಬೇಕಾದ ಪ್ರಸಂಗ ಸುಮಾರು ಶೇ. 33, ಮಲದ ಪ್ರಮಾಣ ಸುಮಾರು ಶೇ. 20, ವಾಂತಿ ಸುಮಾರು ಶೇ. 30 ಕಡಿಮೆಯಾದವು. ಹೀಗೆ 2002ರಲ್ಲಿ ಹೊಸ ಸೂತ್ರ ಬಂತು: ಉಪ್ಪು 2.6 ಗ್ರಾಂ, ನೀರಿಲ್ಲದ ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಕೂಡಿಸಿದರೆ 20.5 ಗ್ರಾಂ. ಸೋಡಿಯಂ 75, ಗ್ಲೂಕೋಸ್ 75, ಒಟ್ಟು ಸಾಂದ್ರತೆ 245. ಸೋಡಾ ಹೋಗಿ ಸಿಟ್ರೇಟ್ ಬಂದದ್ದು ಅದಕ್ಕೂ ಮುಂಚೆ, 1984ರಲ್ಲಿ. ಸೆಕೆ ಮತ್ತು ತೇವಕ್ಕೆ ಸೋಡಾ ಇರುವ ಪುಡಿ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತಿತ್ತು. ಸಿಟ್ರೇಟ್ ಇದ್ದರೆ ಪೊಟ್ಟಣ ಬಹುಕಾಲ ಬಾಳುತ್ತದೆ.

ಮಕ್ಕಳ ವಾರ್ಡು:

ಲೇಖನವನ್ನು ಮಕ್ಕಳ ಜೊತೆ ತಾಯಂದಿರೂ ಓದುತ್ತಾರೆ ಅಂದುಕೊಂಡು ಒಂದಿಷ್ಟು ಬರೆಯುತ್ತೇನೆ. ಚಿಕಿತ್ಸೆ ಸೋಲುವುದು ಸೂತ್ರದಿಂದಲ್ಲ, ಕಲಸುವುದರಿಂದ ಮತ್ತು ಕುಡಿಸುವುದರಿಂದ.

ಅತಿ ಸಾಮಾನ್ಯ ತಪ್ಪು: 1 ಲೀಟರಿನ ಪೊಟ್ಟಣದಿಂದ ಎರಡು ಚಮಚ ಪುಡಿ ತೆಗೆದು ಲೋಟಕ್ಕೆ ಹಾಕಿ, ಉಳಿದದ್ದನ್ನು ಮಡಚಿಡುವುದು. ಪುಡಿಯಲ್ಲಿ ಉಪ್ಪು, ಗ್ಲೂಕೋಸ್ ಒಂದೇ ಸಮ ಬೆರೆತಿರುವುದಿಲ್ಲ, ಚಮಚದಲ್ಲಿ ಯಾವುದು ಎಷ್ಟು ಬಂತೋ ಹೇಳಲಾಗದು. ಪೊಟ್ಟಣ ಒಡೆದರೆ ಪೂರ್ತಿ ಸುರಿಯಬೇಕು. ಒಂದು ಲೀಟರ್ ಅಳೆಯಲು ಲೀಟರ್ ನೀರಿನ ಬಾಟಲಿ ಸಾಕು. ಚಿಕ್ಕ ಪೊಟ್ಟಣವಾದರೆ 200 ಮಿ.ಲೀ., ಆದರೆ ಮನೆಯ ಲೋಟಗಳೆಲ್ಲ 200 ಹಿಡಿಯುವುದಿಲ್ಲ, ಒಮ್ಮೆ ಅಳೆದು ಗುರುತು ಮಾಡಿಕೊಳ್ಳಿ. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ರಕ್ತದ ಸೋಡಿಯಂ ಏರುತ್ತದೆ, ಮಗುವಿಗೆ ಫಿಟ್ಸ್ ಬರಬಹುದು. ಕುದಿಸಿ ಆರಿಸಿದ ನೀರಲ್ಲಿ ಕಲಸಿ. ಕಲಸಿದ ಮೇಲೆ ಮತ್ತೆ ಕುದಿಸಬಾರದು, ಹಾಲು, ಹಣ್ಣಿನ ರಸ, ಸಕ್ಕರೆ ಯಾವುದನ್ನೂ ಬೆರೆಸಬಾರದು. 24 ಗಂಟೆ ಕಳೆದರೆ ಚೆಲ್ಲಿ ಹೊಸದಾಗಿ ಕಲಸಿ.

ಪ್ರಮಾಣ: ನೀರಿನಂಶ ಇನ್ನೂ ಕುಗ್ಗದ ಮಗುವಿಗೆ ಪ್ರತಿ ಸಲ ನೀರುನೀರಾಗಿ ಭೇದಿಯಾದ ಮೇಲೆ, 2 ವರ್ಷದೊಳಗಿದ್ದರೆ 50ರಿಂದ 100 ಮಿ.ಲೀ., 2ರಿಂದ 10 ವರ್ಷವಾದರೆ 100ರಿಂದ 200 ಮಿ.ಲೀ. ಕಣ್ಣು ಗುಳಿಬಿದ್ದು, ಕಿರಿಕಿರಿ ಮಾಡುತ್ತ, ಕೊಟ್ಟ ನೀರನ್ನು ಆತುರದಿಂದ ಕುಡಿಯುವ ಮಗುವಿಗೆ ಆರೋಗ್ಯ ಕೇಂದ್ರದಲ್ಲಿ 4 ಗಂಟೆಗಳಲ್ಲಿ ಕಿಲೋ ತೂಕಕ್ಕೆ 75 ಮಿ.ಲೀ. 10 ಕಿಲೋ ಮಗುವಿಗೆ 750 ಮಿ.ಲೀ. ಅಷ್ಟೊಂದು ಹೇಗೆ ಎಂದು ತಾಯಿ ಗಾಬರಿಯಾಗುತ್ತಾಳೆ. ಒಂದೂವರೆ ನಿಮಿಷಕ್ಕೊಂದು 5 ಮಿ.ಲೀ. ಚಮಚ ಕೊಟ್ಟರೆ ಗಂಟೆಗೆ 200 ಮಿ.ಲೀ. ಆಗುತ್ತದೆ, 4 ಗಂಟೆಗೆ ಲೆಕ್ಕ ಮುಟ್ಟುತ್ತದೆ. ಬಾಟಲಿ ಹಿಡಿದು ಗಟಗಟ ಕುಡಿಸಿದರೆ ವಾಂತಿ ಖಂಡಿತ. ವಾಂತಿಯಾದರೆ 10 ನಿಮಿಷ ಬಿಟ್ಟು, 2–3 ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಿ. ವಾಂತಿಯಾಯಿತೆಂದು ನಿಲ್ಲಿಸಿಬಿಡುವುದೇ ಮಗು ಡ್ರಿಪ್‌ಗೆ ಹೋಗುವ ಮುಖ್ಯ ಕಾರಣ.

ಮಂಪರು ಬಂದು ಎಚ್ಚರಿಸಿದರೂ ಏಳದ, ಕುಡಿಯಲಾಗದ, ಹೊಟ್ಟೆಯ ಚರ್ಮ ಹಿಂಡಿ ಬಿಟ್ಟರೆ 2 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೇ ನಿಲ್ಲುವ ಮಗುವಿಗೆ ಚಮಚ ಹಿಡಿದು ಕೂರಬಾರದು. ತಕ್ಷಣ ಆಸ್ಪತ್ರೆ. ಅಲ್ಲಿ ರಿಂಗರ್ ಲ್ಯಾಕ್ಟೇಟ್ (ಡ್ರಿಪ್ ಮೂಲಕ ಕೊಡುವ ಲವಣ ದ್ರವ) ಕಿಲೋಗೆ 100 ಮಿ.ಲೀ.: ವರ್ಷ ತುಂಬದ ಮಗುವಿಗೆ ಮೊದಲ 30 ಮಿ.ಲೀ. 1 ಗಂಟೆಯಲ್ಲಿ, ಉಳಿದ 70 ಮಿ.ಲೀ. 5 ಗಂಟೆಯಲ್ಲಿ, ದೊಡ್ಡ ಮಕ್ಕಳಿಗೆ 30 ನಿಮಿಷ ಮತ್ತು ಎರಡೂವರೆ ಗಂಟೆ. ರಕ್ತಭೇದಿಯಾದರೂ ಮನೆಯಲ್ಲಿ ಕಾಯಬಾರದು.

ಇನ್ನೊಂದು. ಒಆರ್‌ಎಸ್ ಭೇದಿಯನ್ನು ನಿಲ್ಲಿಸುವ ಔಷಧಿಯಲ್ಲ. ನೀರು ಮತ್ತು ಲವಣವನ್ನು ತುಂಬುತ್ತದೆ, ಅಷ್ಟೆ. ಇದನ್ನು ಮೊದಲೇ ಹೇಳದಿದ್ದರೆ ಎರಡನೇ ದಿನ 'ಭೇದಿ ನಿಂತಿಲ್ಲ, ಇದು ಕೆಲಸಕ್ಕೆ ಬಾರದ್ದು' ಎಂದು ಬಿಟ್ಟುಬಿಡುತ್ತಾರೆ. ಅಂಗಡಿಯ ಸಿಹಿ ಪಾನೀಯ ಇದಕ್ಕೆ ಬದಲಿಯಲ್ಲ. ಅದರಲ್ಲಿ ಸಕ್ಕರೆ ಹಲವು ಪಟ್ಟು ಹೆಚ್ಚು, ಸೋಡಿಯಂ ಅತ್ಯಲ್ಪ. ಅಂಥ ಪಾನೀಯಗಳ ಹೆಸರಿನಲ್ಲಿ ಒಆರ್‌ಎಸ್ ಎಂಬ ಪದ ಇರಕೂಡದೆಂದು 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಆದೇಶಿಸಿದೆ. ಆದರೂ ಪೊಟ್ಟಣ ತಿರುಗಿಸಿ ಸೋಡಿಯಂ 75, ಗ್ಲೂಕೋಸ್ 75, ಒಟ್ಟು 245 ಇದೆಯೇ ಎಂದು ಓದುವ ಅಭ್ಯಾಸವನ್ನು ನಿಮ್ಮ ಲೇಖನ ಕಲಿಸಲಿ.

ಹೊಸಚಿಗುರು:

ಎಲ್ಲರಿಗೂ ಧನ್ಯವಾದ. 22 ಮತ್ತು 20ರ ಗೊಂದಲ ಪೂರ್ತಿ ಹೋಯಿತು. ಎರಡು ಉಪಪ್ರಶ್ನೆ. ನಮ್ಮ ಕಡೆ ಭೇದಿಯಾದರೆ ಎಳನೀರು, ಗಂಜಿ, ಮಜ್ಜಿಗೆ ಕೊಡುತ್ತಾರೆ, ಅದರ ಬಗ್ಗೆ ಏನು ಬರೆಯಬಹುದು? ಒಂದು ಹಿಡಿ ಸಕ್ಕರೆ, ಒಂದು ಚಿಟಿಕೆ ಉಪ್ಪು ಎಂದು ಹಳೆಯ ಗೋಡೆಬರಹಗಳಲ್ಲಿ ಇತ್ತಲ್ಲ, ಅದನ್ನು ಹಾಕಬಹುದೇ? ಮತ್ತೆ ಅವರ ನಂತರದ ವರ್ಷಗಳ ಬಗ್ಗೆ ಇನ್ನೂ ಉತ್ತರ ಬಂದಿಲ್ಲ.

ಅನ್ನಮಜ್ಜಿಗೆ:

ನಂತರದ ವರ್ಷಗಳಿಂದ ಶುರು ಮಾಡುತ್ತೇನೆ, ಯಾಕೆಂದರೆ ಗಂಜಿಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

1970ರ ದಶಕದ ಉತ್ತರಾರ್ಧದಲ್ಲಿ ಅವರು ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಫ್ಘಾನಿಸ್ತಾನ, ಈಜಿಪ್ಟ್, ಯೆಮನ್‌ಗಳಲ್ಲಿ ಕಾಲರಾ ನಿಯಂತ್ರಣದ ಕೆಲಸ ಮಾಡಿದರು. 1980ರ ದಶಕದಲ್ಲಿ ಅದೇ ಸಂಸ್ಥೆಯ ಭೇದಿ ರೋಗಗಳ ನಿಯಂತ್ರಣ ಕಾರ್ಯಕ್ರಮದಲ್ಲಿದ್ದರು. 1990ರ ದಶಕದಲ್ಲಿ ಢಾಕಾದ ಅಂತರರಾಷ್ಟ್ರೀಯ ಭೇದಿ ರೋಗಗಳ ಸಂಶೋಧನಾ ಕೇಂದ್ರದಲ್ಲಿ ಕ್ಲಿನಿಕಲ್ ಸಂಶೋಧನೆಯ ನಿರ್ದೇಶಕರು. ಆಮೇಲೆ ಕೋಲ್ಕತ್ತಾದಲ್ಲಿ ಸೊಸೈಟಿ ಫಾರ್ ಅಪ್ಲೈಡ್ ಸ್ಟಡೀಸ್ ಮೂಲಕ ಮಕ್ಕಳ ಮೇಲೆ ಜಿಂಕ್ ಮತ್ತು ವಿಟಮಿನ್ ಎ ಪ್ರಯೋಗಗಳು. ತೀವ್ರ ನ್ಯುಮೋನಿಯಾ ಇರುವ ಮಕ್ಕಳಲ್ಲಿ ಅವು ಏನು ಮಾಡುತ್ತವೆ ಎಂಬ ಅಧ್ಯಯನ 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಥಾಯ್ಲೆಂಡಿನ ಪ್ರಿನ್ಸ್ ಮಹಿಡೋಲ್ ಪ್ರಶಸ್ತಿ ಬಂತು. 2022ರ ಅಕ್ಟೋಬರ್ 16ರಂದು ಕೋಲ್ಕತ್ತಾದಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು 2023ರಲ್ಲಿ, ಮರಣಾನಂತರ. ಬದುಕಿರುವಾಗ ಕೊಡಬೇಕಿತ್ತು ಎಂಬ ನೋವು ಈ ಕ್ಷೇತ್ರದವರಲ್ಲಿ ಇದ್ದೇ ಇದೆ.

ಈ ನಂತರದ ಕೆಲಸದ ದಿಕ್ಕು ನೀರು ತುಂಬುವುದರಿಂದ ಮಗುವನ್ನು ಬೆಳೆಸುವುದರ ಕಡೆಗೆ. ನೀರು ತುಂಬಿ ಉಳಿಸಿದ ಮಗು ಮತ್ತೆ ಮತ್ತೆ ಭೇದಿಯಾಗಿ, ಪ್ರತಿ ಸಲ ಒಂದಿಷ್ಟು ತೂಕ ಕಳೆದುಕೊಂಡು, ಕೊನೆಗೆ ಅಪೌಷ್ಟಿಕತೆಯಿಂದ ಸಾಯುವುದನ್ನು ಭೇದಿಯ ವಾರ್ಡಿನಲ್ಲಿ ಕೆಲಸ ಮಾಡುವವರೆಲ್ಲ ಕಾಣುತ್ತಾರೆ. 1982ರಲ್ಲಿ ಅವರೂ ಕಲ್ಕತ್ತಾದ ಜೊತೆಗಾರರೂ ಶಿಶುಗಳಲ್ಲಿ ಗ್ಲೂಕೋಸ್ ದ್ರವವನ್ನು ಅಕ್ಕಿಯ ದ್ರವದೊಂದಿಗೆ ಹೋಲಿಸಿದ ಪ್ರಬಂಧ ಪ್ರಕಟಿಸಿದರು. ತರ್ಕ ಇಷ್ಟು: ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಒಡೆದು ಗ್ಲೂಕೋಸ್ ಕೊಡುತ್ತದೆ. ಒಂದು ಪಿಷ್ಟದ ಅಣುವಿನಲ್ಲಿ ಎಷ್ಟೇ ಗ್ಲೂಕೋಸ್ ಇದ್ದರೂ ಸಾಂದ್ರತೆಯ ಲೆಕ್ಕಕ್ಕೆ ಅದು ಒಂದೇ ಅಣು. ಹಾಗಾಗಿ ಲೀಟರಿಗೆ 50 ಗ್ರಾಂ ಅಕ್ಕಿಹಿಟ್ಟು ಬೇಯಿಸಿ ಹಾಕಿದರೂ ನೀರು ಕರುಳಿಗೆ ಸೆಳೆಯಲ್ಪಡುವುದಿಲ್ಲ. ಹಳೆಯ 90 ಸೋಡಿಯಂನ ದ್ರವಕ್ಕೆ ಹೋಲಿಸಿದರೆ ಕಾಲರಾದಲ್ಲಿ ಮಲದ ಪ್ರಮಾಣ ಸುಮಾರು ಮೂರನೇ ಒಂದು ಭಾಗ ಇಳಿಯಿತೆಂದು ಮುಂದೆ ಹಲವು ಪ್ರಯೋಗಗಳನ್ನು ಒಟ್ಟು ನೋಡಿದಾಗ ಕಂಡಿತು. ಕಾಲರಾ ಅಲ್ಲದ ಮಕ್ಕಳ ಭೇದಿಯಲ್ಲಿ ಲಾಭ ಅಷ್ಟಿಲ್ಲ. ತೊಂದರೆ ಏನೆಂದರೆ ಅಕ್ಕಿಯ ದ್ರವ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ, ಸೌದೆಯೂ ಹೊತ್ತೂ ಬೇಕು.

ಆದ್ದರಿಂದ ನಿಮ್ಮ ಗಂಜಿ ತಿಳಿ ಉಪ್ಪು ಹಾಕಿದ್ದಾದರೆ ಒಳ್ಳೆಯದು. ಉಪ್ಪಿಲ್ಲದಿದ್ದರೆ ಅದರಲ್ಲಿ ಸೋಡಿಯಂ ಇಲ್ಲ. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ತೀರ ಕಡಿಮೆ. ಜೊತೆಗೆ ಕೊಡಬಹುದು, ಒಆರ್‌ಎಸ್ ಬದಲಿಗೆ ಕೊಡಬಾರದು. ಹಿಡಿ ಮತ್ತು ಚಿಟಿಕೆಯ ಅಳತೆಯನ್ನು ದಯವಿಟ್ಟು ಹಾಕಬೇಡಿ. ಕೈಯಿಂದ ಕೈಗೆ ಹಿಡಿಯೂ ಬೇರೆ, ಚಿಟಿಕೆಯೂ ಬೇರೆ. ಪೊಟ್ಟಣ ಸಿಗದ ಜಾಗಕ್ಕೆಂದು ಹಾಕಲೇಬೇಕಾದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಮಟ್ಟ ಮಾಡಿದ ಅರ್ಧ ಟೀ ಚಮಚ ಉಪ್ಪು. ಸಕ್ಕರೆ ಹಾಕುವ ಮುಂಚೆ ಉಪ್ಪುನೀರಿನ ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಪೊಟ್ಟಣ ಸಿಗುವವರೆಗೆ ಮಾತ್ರ.

ಭೇದಿಯಲ್ಲಿ ಊಟ ನಿಲ್ಲಿಸಿ ಹೊಟ್ಟೆಗೆ ರಜೆ ಕೊಡುವ ಪದ್ಧತಿಯ ಬಗ್ಗೆ ಖಾರವಾಗಿಯೇ ಬರೆಯಿರಿ. ಕರುಳಿನ ಒಳಪದರದ ಜೀವಕೋಶಗಳು ಬಹಳಷ್ಟು ಆಹಾರವನ್ನು ತಮ್ಮ ಮುಂದೆ ಹಾದುಹೋಗುವ ಅನ್ನದಿಂದಲೇ ಪಡೆಯುತ್ತವೆ. ಉಪವಾಸ ಹಾಕಿದರೆ ಅವು ಮತ್ತೆ ಬೆಳೆಯುವುದು ತಡವಾಗುತ್ತದೆ. ಎದೆಹಾಲು ಒಂದು ಹೊತ್ತೂ ನಿಲ್ಲಿಸಬಾರದು. ದೊಡ್ಡ ಮಗುವಿಗೆ ಮೆತ್ತಗಿನ ಅನ್ನ, ಹೆಸರುಬೇಳೆ, ಮೊಸರು, ಬಾಳೆಹಣ್ಣು, ಒಂದು ಚಮಚ ಎಣ್ಣೆ ಅಥವಾ ತುಪ್ಪ ಸೇರಿಸಿ 3–4 ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ನೀರುನೀರಾದ ಗಂಜಿ ಹೊಟ್ಟೆ ತುಂಬಿಸುತ್ತದೆ, ಶಕ್ತಿ ಕೊಡುವುದಿಲ್ಲ. ಭೇದಿ ನಿಂತ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ. ಜಿಂಕ್ ಮಾತ್ರೆ 6 ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10 ಮಿ.ಗ್ರಾಂ, ಒಂದು ಚಮಚ ನೀರು ಅಥವಾ ಎದೆಹಾಲಿನಲ್ಲಿ ಕರಗಿಸಿ, 14 ದಿನ. ಮೂರನೇ ದಿನ ಭೇದಿ ನಿಂತಿತೆಂದು ಮಾತ್ರೆಯನ್ನೂ ನಿಲ್ಲಿಸುವವರೇ ಹೆಚ್ಚು. ಉಳಿದ ದಿನಗಳ ಮಾತ್ರೆ ಮುಂದಿನ ಎರಡು ಮೂರು ತಿಂಗಳಲ್ಲಿ ಭೇದಿ ಮರುಕಳಿಸುವುದನ್ನು ಕಡಿಮೆ ಮಾಡಲಿಕ್ಕೆ. 14 ದಿನ ದಾಟಿದರೆ ಅದು ದೀರ್ಘಕಾಲದ ಭೇದಿ, ವೈದ್ಯರೇ ನೋಡಬೇಕು. ಅಂಥ ಮಗುವಿಗೆ ಪ್ರಾಣಿಯ ಹಾಲನ್ನು ಹಾಗೇ ಕೊಡದೆ ಮೊಸರನ್ನವಾಗಿ ಅಥವಾ ಧಾನ್ಯದ ಜೊತೆ ಬೆರೆಸಿ ಕೊಟ್ಟರೆ ಲ್ಯಾಕ್ಟೋಸ್ ಭಾರ ತಗ್ಗುತ್ತದೆ.

ಮಕ್ಕಳ ವಾರ್ಡು:

ಇದಕ್ಕೆ ಒಂದು ಅಪವಾದ ಬರೆಯಲೇಬೇಕು. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇರುವ ಅಥವಾ ಎರಡೂ ಪಾದ ಊದಿರುವ ಮಗುವಿಗೆ ಮೇಲಿನ 75 ಮಿ.ಲೀ. ಲೆಕ್ಕ ಅನ್ವಯಿಸುವುದಿಲ್ಲ. ತೀವ್ರ ಅಪೌಷ್ಟಿಕ ಮಗುವಿನ ಜೀವಕೋಶಗಳೊಳಗೆ ಸೋಡಿಯಂ ಹೆಚ್ಚಾಗಿಯೂ ಪೊಟ್ಯಾಸಿಯಂ ಕಡಿಮೆಯಾಗಿಯೂ ಇರುತ್ತದೆ, ಹೃದಯ ಬಲಹೀನವಾಗಿರುತ್ತದೆ. ವೇಗವಾಗಿ ದ್ರವ ತುಂಬಿದರೆ ಹೃದಯ ಸೋಲುತ್ತದೆ. ಕಣ್ಣು ಗುಳಿಬೀಳುವುದು, ಚರ್ಮ ಸಡಿಲವಾಗುವುದು ಈ ಮಕ್ಕಳಲ್ಲಿ ಭೇದಿ ಇಲ್ಲದೆಯೂ ಇರುತ್ತದೆ, ಆ ಗುರುತು ನಂಬಿ ಮೋಸಹೋಗಬಾರದು. ಇವರನ್ನು ಎನ್‌ಆರ್‌ಸಿ (ಪೌಷ್ಟಿಕ ಪುನಶ್ಚೇತನ ಕೇಂದ್ರ) ಇರುವ ಆಸ್ಪತ್ರೆಗೆ ಸೇರಿಸಬೇಕು. ಅವರಿಗೆಂದೇ ಇರುವ ರೆಸೊಮಾಲ್ ದ್ರವದಲ್ಲಿ ಸೋಡಿಯಂ 45, ಪೊಟ್ಯಾಸಿಯಂ 40. ಮೊದಲ 2 ಗಂಟೆ ಅರ್ಧ ಗಂಟೆಗೊಮ್ಮೆ ಕಿಲೋಗೆ 5 ಮಿ.ಲೀ., ಆಮೇಲೆ ಗಂಟೆಗೆ ಕಿಲೋಗೆ 5ರಿಂದ 10 ಮಿ.ಲೀ., ನಡುನಡುವೆ ಎಫ್-75 ಹಾಲು (ಇಂಥ ಮಕ್ಕಳಿಗೆ ಚಿಕಿತ್ಸೆಯ ಆರಂಭದಲ್ಲಿ ಕೊಡುವ ವಿಶೇಷ ಹಾಲು). ನಾಡಿ ಮತ್ತು ಉಸಿರಿನ ವೇಗ ಎರಡೂ ಏರತೊಡಗಿದರೆ ದ್ರವ ನಿಲ್ಲಿಸಬೇಕು.

ವಾರ್ಡಿನಲ್ಲಿ ಕೆಲಸ ಮಾಡುವವರು ಇದನ್ನು ಓದುತ್ತಿದ್ದರೆ: ಒಂದು ಪೊಟ್ಟಣವನ್ನು 2 ಲೀಟರಿಗೆ ಕಲಸಿ ರೆಸೊಮಾಲ್ ಮಾಡುವ ಹಳೆಯ ಪಾಠ 90 ಸೋಡಿಯಂನ ಪೊಟ್ಟಣಕ್ಕೆ ಬರೆದದ್ದು. 90ರ ಅರ್ಧ 45. ಇಂದಿನ 75ರ ಪೊಟ್ಟಣದಲ್ಲಿ ಹಾಗೆ ಮಾಡಿದರೆ 37.5 ಬರುತ್ತದೆ. ಗೋಡೆಗೆ ಅಂಟಿಸಿದ ಹಳೆಯ ಚಾರ್ಟ್ ನೋಡಿ ಕಲಸುವ ಮೊದಲು ಪೊಟ್ಟಣದ ಅಂಕಿ ನೋಡಿ.

ಅಳತೆಗೋಲು:

ಉಳಿದದ್ದು ಓದಿನ ಪ್ರಶ್ನೆ. ಒಂದು ದಾರಿ ವೈದ್ಯಕೀಯದ್ದು: ಎಂಬಿಬಿಎಸ್, ಆಮೇಲೆ ಮಕ್ಕಳ ವೈದ್ಯಕೀಯದಲ್ಲಿ 3 ವರ್ಷದ ಎಂಡಿ, ಆಮೇಲೆ ಮಕ್ಕಳ ಜೀರ್ಣಾಂಗ ವಿಭಾಗದಲ್ಲಿ 3 ವರ್ಷದ ಡಿಎಂ. ಲಕ್ನೋದ ಸಂಜಯ್ ಗಾಂಧಿ ಸಂಸ್ಥೆ, ಚಂಡೀಗಢದ ಪಿಜಿಐ ಈ ವಿಷಯಕ್ಕೆ ಹೆಸರಾದವು. ಇನ್ನೊಂದು ದಾರಿ ವೈದ್ಯರಾಗದೆಯೂ ಇದೆ: ಜೀವರಸಾಯನಶಾಸ್ತ್ರ, ಆಹಾರ ವಿಜ್ಞಾನ ಅಥವಾ ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಪಿಎಚ್‌ಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ವೆಲ್ಲೂರಿನ ಸಿಎಂಸಿ, ಕೋಲ್ಕತ್ತಾದ ಐಸಿಎಂಆರ್ ಕೇಂದ್ರ, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಇಂಥವರನ್ನು ತೆಗೆದುಕೊಳ್ಳುತ್ತವೆ. ಸೇಂಟ್ ಜಾನ್ಸ್‌ನ ಒಂದು ಕೆಲಸ ನಿಮ್ಮ ಓದುಗರಿಗೆ ಹತ್ತಿರದ್ದು. ಭಾರ ಹೈಡ್ರೋಜನ್ ಇರುವ ನೀರುಣಿಸಿ ಬೆಳೆ ಬೆಳೆದು, ಆ ಧಾನ್ಯವನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಉಣಿಸಿ, ರಕ್ತದಲ್ಲಿ ಗುರುತಿನ ಅಮೈನೋ ಆಮ್ಲ ಎಷ್ಟು ಬಂತೆಂದು ಅಳೆದರು. ಮೊಟ್ಟೆಯನ್ನೂ ಹೀಗೇ ಗುರುತು ಸೇರಿಸಿ ಹೋಲಿಸಿದರು. ಪ್ರೋಟೀನು ಅತಿ ಚೆನ್ನಾಗಿ ಜೀರ್ಣವಾದದ್ದು ಮೊಟ್ಟೆಯಿಂದ, ನಂತರ ಅಕ್ಕಿಯಿಂದ. ರಾಗಿ ಮತ್ತು ಹೆಸರುಕಾಳು ಅದಕ್ಕಿಂತ ಕೆಳಗೆ. ರಾಗಿ ಸರಿ ಬಿಡಬೇಕೆಂದು ಇದರ ಅರ್ಥವಲ್ಲ, ಸುಣ್ಣದಂಶ ಅದರಲ್ಲಿ ಹೇರಳ. ಬರೀ ರಾಗಿ ಸರಿಯಿಂದ ಪ್ರೋಟೀನು ಸಾಕಾಗದು, ಜೊತೆಗೆ ಮೊಟ್ಟೆ ಅಥವಾ ಹಾಲು ಬೇಕು ಎಂದರ್ಥ.

ಈ ಕ್ಷೇತ್ರದ ದಿನನಿತ್ಯದ ಕೆಲಸ ಹೇಗಿರುತ್ತದೆ ಎಂದೂ ಬರೆಯಿರಿ. ಭೇದಿಯ ಪ್ರಯೋಗವೆಂದರೆ ತೂಗುವುದು. ನಡುವೆ ರಂಧ್ರವಿರುವ ಮಂಚ, ಕೆಳಗೆ ಬಕೆಟ್ಟು, ಅಥವಾ ಮೊದಲೇ ತೂಗಿಟ್ಟ ನ್ಯಾಪಿ. ವಾಂತಿ ಒರೆಸಿದ ಬಟ್ಟೆಯನ್ನೂ ತೂಗುತ್ತಾರೆ. ಕುಡಿದ ಒಆರ್‌ಎಸ್, ನೀರು, ಹಾಲು ಒಂದೊಂದೂ ಬೇರೆ ಬೇರೆ ದಾಖಲಾಗುತ್ತದೆ. ಎದೆಹಾಲು ಎಷ್ಟು ಹೋಯಿತೆಂದು ತಿಳಿಯಲು ಕುಡಿಯುವ ಮುಂಚೆಯೂ ಕುಡಿದ ಮೇಲೂ ಮಗುವನ್ನೇ ತೂಗಬೇಕು. ಮಲದ ಜೊತೆ ಮೂತ್ರ ಬೆರೆತರೆ ಲೆಕ್ಕವೆಲ್ಲ ಹಾಳು. ಗಂಡುಮಗುವಿಗೆ ಚೀಲ ಅಂಟಿಸಿ ಮೂತ್ರ ಬೇರ್ಪಡಿಸುವುದು ಸುಲಭ, ಹೆಣ್ಣುಮಗುವಿನಲ್ಲಿ ಕಷ್ಟ; ಈ ಕಾರಣಕ್ಕೆ ದಶಕಗಳ ಕಾಲ ಇಂಥ ಹಲವಾರು ಪ್ರಯೋಗಗಳು ಗಂಡುಮಕ್ಕಳ ಮೇಲಷ್ಟೇ ನಡೆದವು. ಸೂತ್ರದ ಅಂಕಿಗಳು ಹುಡುಗಿಯರಿಗೂ ಹೊಂದುತ್ತವೆ ಎಂಬುದು ಮುಂದೆ ಬಳಕೆಯಲ್ಲಿ ಕಂಡ ಮಾತು. ಆದರೆ ಜಿಂಕ್‌ನಂಥ ವಿಷಯಗಳಲ್ಲಿ ಗಂಡು ಹೆಣ್ಣು ಮಕ್ಕಳ ಫಲಿತಾಂಶವನ್ನು ಬೇರೆ ಬೇರೆಯಾಗಿ ನೋಡಲೇಬೇಕು. 2004ರ ಆ ನ್ಯುಮೋನಿಯಾ ಪ್ರಯೋಗದಲ್ಲಿ ಜಿಂಕ್‌ನಿಂದ ಬೇಗ ಚೇತರಿಸಿಕೊಂಡದ್ದು ಗಂಡುಮಕ್ಕಳು, ಹೆಣ್ಣುಮಕ್ಕಳಲ್ಲಿ ಆ ಲಾಭ ಕಾಣಲಿಲ್ಲ.